ಒಂಟಿಬಾಗಿಲಿನ ಏಳನೆಯ ಗಾಡಿ

ನಮ್ಮ ಮನೆಯಲ್ಲಿ ಯಾರಾದರೂ ಬಾಗಿಲು ಹಾಕಿದರೆ ಮಾವ ತಟ್ಟೆಯಿಂದ ತಲೆ ಎತ್ತದೆಯೇ, "ಮೇಲಿನ ಕೀಲು ಸಡಿಲ ಆಗಿದೆ" ಅನ್ನುತ್ತಾರೆ. ಎದ್ದು ಹೋಗಿ ನೋಡಿದರೆ ಆಗಿರುತ್ತದೆ. "ಅಪ್ಪನಿಗೆ ಮನುಷ್ಯರ ಮಾತು ಅರ್ಧ ಕೇಳಿಸುತ್ತೆ, ಬಾಗಿಲಿನ ಮಾತು ಪೂರ್ತಿ ಕೇಳಿಸುತ್ತೆ" ಎಂದು ನನ್ನ ಗಂಡ ಮದುವೆಯಾದ ಮೊದಲ ವಾರವೇ ಎಚ್ಚರಿಕೆ ಕೊಟ್ಟಿದ್ದರು. ಸಿಟ್ಟು ಬಂದಾಗ ಬಾಗಿಲು ದಡಾರನೆ ಹಾಕುವ ಸ್ವಾತಂತ್ರ್ಯವೂ ಇಲ್ಲದ ಮನೆ ಇದು. ಹಾಕಿದರೆ ಮಾವ ಸುತ್ತಿಗೆ ಹಿಡಿದು ಬರುತ್ತಾರೆ. ನನ್ನ ಸಿಟ್ಟು ಯಾಕೆಂದು ಕೇಳುವುದಕ್ಕಲ್ಲ, ಕೀಲು ನೋಡುವುದಕ್ಕೆ.

ಅವರಿಗೆ ಈಗ ಎಪ್ಪತ್ತೊಂದು. ಹದಿನೇಳನೆಯ ವಯಸ್ಸಿನಲ್ಲಿ ಒಂದು ಸಣ್ಣ ಕಾರು ಕಾರ್ಖಾನೆ ಸೇರಿದರು. ಆ ಕಾರ್ಖಾನೆ ನಾಲ್ಕು ವರ್ಷ ನಡೆಯಿತು. ಅಷ್ಟರಲ್ಲಿ ಹೊರಗೆ ಬಂದದ್ದು ಅರವತ್ತೆರಡು ಗಾಡಿ. ಗಾಡಿಗೆ ಮಾಲೀಕರು ಇಟ್ಟ ಹೆಸರು ಏನೋ ಇತ್ತು, ಅದನ್ನು ಯಾರೂ ಬಳಸಲಿಲ್ಲ. ಎಲ್ಲರ ಬಾಯಲ್ಲೂ ಅದು ಒಂಟಿಬಾಗಿಲು. ಏಕೆಂದರೆ ಅದಕ್ಕೆ ಇದ್ದದ್ದು ಒಂದೇ ಬಾಗಿಲು, ಎಡಗಡೆ. ಓಡಿಸುವವರೂ ಅದರಿಂದಲೇ ಹತ್ತಿ, ಸೀಟಿನ ಮೇಲೆ ಸರಿಯುತ್ತ ಸರಿಯುತ್ತ ಆಚೆ ಹೋಗಿ ಕೂರಬೇಕು. ಎರಡನೆಯ ಬಾಗಿಲು ಹಾಕುವುದನ್ನು ಮಾಲೀಕರು ಮರೆತಿದ್ದರು, ನೆನಪಾಗುವ ಹೊತ್ತಿಗೆ ಕಾರ್ಖಾನೆಯೇ ಮುಚ್ಚಿತ್ತು ಎಂದು ಕೆಲಸಗಾರರು ನಗುತ್ತಿದ್ದರಂತೆ.

ಆ ಅರವತ್ತೆರಡು ಬಾಗಿಲನ್ನೂ ಕೂರಿಸಿದ್ದು ನಮ್ಮ ಮಾವ. ಕೈಯಲ್ಲಿ ಬಡಿದು ಮಾಡಿದ ತಗಡಿನ ಮೈ. ಒಂದರಂತೆ ಇನ್ನೊಂದು ಇರುತ್ತಿರಲಿಲ್ಲ. ಬಾಗಿಲಿನ ಅಂಚಿನ ರಬ್ಬರಿಗೆ ಸೀಮೆಸುಣ್ಣ ಸವರಿ ಮುಚ್ಚಬೇಕು, ತೆರೆದು ನೋಡಬೇಕು. ಸುಣ್ಣ ಎಲ್ಲಿ ಅಂಟಿಲ್ಲವೋ ಅಲ್ಲಿ ಬಡಿಯಬೇಕು, ಎಲ್ಲಿ ಹೆಚ್ಚು ಅಂಟಿದೆಯೋ ಅಲ್ಲಿ ಅರ ಹಾಕಿ ಉಜ್ಜಬೇಕು. ಮತ್ತೆ ಸುಣ್ಣ, ಮತ್ತೆ ಮುಚ್ಚುವುದು. ಒಂದು ಬಾಗಿಲಿಗೆ ಮೂರು ದಿನವಾದರೂ ಹಿಡಿಯುತ್ತಿತ್ತು. ಕೊನೆಗೆ ಬೆನ್ನು ತಿರುಗಿಸಿ ನಿಂತು, ಹಿಮ್ಮಡಿಯಿಂದ ಬಾಗಿಲು ತಳ್ಳಿ ಸದ್ದು ಕೇಳುತ್ತಿದ್ದರು. 'ಧಪ್' ಅಂದರೆ ಸರಿ. 'ಧಪ್' ಆದಮೇಲೆ ಬಾಲದಂತೆ ಒಂದು 'ಟಿಕ್' ಬಂದರೆ ಮತ್ತೆ ಬಿಚ್ಚುತ್ತಿದ್ದರು. ಮನಸ್ಸಿಗೆ ಒಪ್ಪಿದ ಮೇಲೆ ಕೆಳಗಿನ ಕೀಲಿನ ಅಡಿಯಲ್ಲಿ ಮೊಳೆಯಂಥ ಪಂಚಿನಿಂದ ಮೂರು ಚುಕ್ಕಿ ಕುಟ್ಟುತ್ತಿದ್ದರು. ಯಾರೂ ಕುಟ್ಟು ಎಂದು ಹೇಳಿರಲಿಲ್ಲ. ಉಳಿದವರು ಸೀಮೆಸುಣ್ಣದಲ್ಲಿ ಗೀಚುತ್ತಿದ್ದರು. "ಅದು ಅಳಿಸಿಹೋಗುತ್ತಲ್ಲ" ಅನ್ನುತ್ತಾರೆ ಮಾವ, ಅಷ್ಟೇ.

ಒಂದು ಸೋಮವಾರ ಕೆಲಸಕ್ಕೆ ಹೋದಾಗ ಗೇಟಿಗೆ ಬೀಗ ಬಿದ್ದಿತ್ತು. ಅವರ ಅರ, ಪಂಚು, ಶನಿವಾರ ಬಿಟ್ಟುಬಂದ ಊಟದ ಡಬ್ಬಿ ಎಲ್ಲ ಒಳಗೇ ಉಳಿದವು. ಅಲ್ಲಿಂದ ಮುಂದೆ ಮೂವತ್ತು ಚಿಲ್ಲರೆ ವರ್ಷ ಈ ತಗಡಿನ ಶೆಡ್ಡಿನಲ್ಲಿ ಗೇಟು, ಬೀರು, ಬಸ್ಸಿನ ಬಾಗಿಲು. ಶೆಡ್ಡಿನ ಹಿಂದೆ ಎರಡು ಕೋಣೆ ನಮ್ಮ ಮನೆ. ಮನೆಗೆ ಬೇರೆ ದಾರಿ ಇಲ್ಲ, ಶೆಡ್ಡನ್ನು ದಾಟಿಯೇ ಒಳಗೆ ಬರಬೇಕು, ದಾಟಿಯೇ ಹೊರಗೆ ಹೋಗಬೇಕು.

ಹನ್ನೆರಡು ವರ್ಷದ ಹಿಂದೆ ಒಬ್ಬ ಹಲ್ಲಿನ ಡಾಕ್ಟರು ಒಂದು ಫೋಟೋ ಹಿಡಿದುಕೊಂಡು ಆ ಶೆಡ್ಡಿಗೆ ಬಂದರು. ಹಳೆಯ, ಅಪರೂಪದ ಗಾಡಿಗಳ ಹುಚ್ಚಿನವರದೊಂದು ಬಳಗ ಇದೆ, ಅದರ ಕಾರ್ಯದರ್ಶಿ ಅವರು. ಉಳಿದಿರುವ ಒಂಟಿಬಾಗಿಲುಗಳನ್ನೆಲ್ಲ ಹುಡುಕುತ್ತಿದ್ದರು.

"ಇದರ ಬಾಗಿಲು ಕೂರಿಸ್ತಿದ್ದವರು ನೀವೇನಾ?" ಎಂದರಂತೆ.

ಮಾವ ಕೈ ಒರೆಸಿಕೊಂಡು ಫೋಟೋ ಇಸಿದುಕೊಂಡರು. ಅಷ್ಟೂ ವರ್ಷದಲ್ಲಿ ಆ ಪ್ರಶ್ನೆ ಕೇಳಿದ ಮೊದಲನೆಯ ಮನುಷ್ಯ. ಖುಷಿಯಲ್ಲಿ ಮೂರು ಚುಕ್ಕಿಯ ವಿಷಯ ಹೇಳಿಬಿಟ್ಟರು. ಡಾಕ್ಟರು ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು: ಮೂರು ಚುಕ್ಕಿ ಇದ್ದರೆ ಕಾರ್ಖಾನೆಯ ಅಸಲಿ ಗಾಡಿ.

ಅಲ್ಲಿಂದ ಭಾನುವಾರಗಳು ನಮ್ಮದಾಗಿ ಉಳಿಯಲಿಲ್ಲ. ಯಾರೋ ಗಾಡಿ ತರುತ್ತಾರೆ, ಯಾರೋ ಬರೀ ಕೀಲು ತರುತ್ತಾರೆ, ಇನ್ಯಾರೋ ನಾಲ್ಕು ತಾಸು ಪ್ರಯಾಣ ಮಾಡಿ ಒಂದು ಸ್ಕ್ರೂ ತೋರಿಸಲು ಬರುತ್ತಾರೆ. ಮಾವ ಇಸ್ತ್ರಿ ಅಂಗಿ ಹಾಕಿ ಸ್ಟೂಲಿನ ಮೇಲೆ ಕೂರುತ್ತಾರೆ. ಅಪರೂಪಕ್ಕೆ ಕೆಮ್ಮಿದರೂ ಯಾರಾದರೂ ಬರೆದುಕೊಳ್ಳುತ್ತಾರೆ. ಮಗು ಹುಟ್ಟಿದ ಮೇಲೆ ನನಗೆ ಇದು ಕುತ್ತಿಗೆಗೆ ಬಂದಿತು. ಪಂಪ್‌ಹೌಸಿನಲ್ಲಿ ಪಾಳಿ ಕೆಲಸ ಮಾಡುವ ಗಂಡನಿಗೆ ಭಾನುವಾರ ಎಂದರೆ ನಿದ್ದೆ. ನಾನು ಔಷಧಿ ಅಂಗಡಿಯ ಕೆಲಸಕ್ಕೆ ರಜೆ ಹಾಕಿ ಮನೆಯಲ್ಲಿದ್ದೇನೆ. ಮಗುವಿನ ಬಟ್ಟೆ ಒಣಹಾಕಲು ಹೊರಗೆ ಹೋಗಬೇಕಾದರೆ ಹನ್ನೊಂದು ಜನ ಗಂಡಸರನ್ನು ದಾಟಬೇಕು. ತೊಟ್ಟಿಲಿನ ಕೆಳಗೆ ಬಾನೆಟ್ಟು, ನೀರಿನ ಹಂಡೆಯ ಪಕ್ಕ ಸ್ಟೀರಿಂಗು.

"ಮನೆಯೋ ಗುಜರಿಯೋ" ಎಂದು ಒಮ್ಮೆ ಗೊಣಗಿದೆ.

"ಗುಜರಿಯವನು ಇಷ್ಟು ಚೆನ್ನಾಗಿ ಜೋಡಿಸಿ ಇಡಲ್ಲ" ಎಂದರು ನನ್ನ ಗಂಡ, ಕಣ್ಣು ಬಿಡದೆಯೇ.

ಈ ವರ್ಷ ಬಳಗದವರು ಒಂಟಿಬಾಗಿಲಿನ ಬಗ್ಗೆ ಪುಸ್ತಕ ಮಾಡಲು ಹೊರಟರು. ಉಳಿದಿರುವ ಗಾಡಿ ಏಳು. ಅವು ಅಸಲಿ ಎಂದು ಮಾವನ ಹೇಳಿಕೆ, ಸಹಿ ಸಮೇತ, ಪುಸ್ತಕದ ಮೊದಲ ಪುಟದಲ್ಲಿ ಬರಬೇಕು. ವಾರ್ಷಿಕ ಕೂಟದಲ್ಲಿ ಎಲ್ಲರ ಎದುರು ಸಹಿ ಮಾಡಿಸುವುದು ಎಂದು ಡಾಕ್ಟರು ಟೈಪ್ ಮಾಡಿಸಿದ ಕಾಗದ ತಂದುಕೊಟ್ಟರು. ಮಾವನಿಗೆ ಸಣ್ಣ ಅಕ್ಷರ ಕಾಣಿಸುವುದಿಲ್ಲ. ಮಧ್ಯಾಹ್ನ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ನಾನೇ ಓದಿದೆ.

"ಈ ಕೆಳಗೆ ಕಾಣಿಸಿದ ಏಳು ಗಾಡಿಗಳ ಬಾಗಿಲನ್ನು ಕಾರ್ಖಾನೆಯಲ್ಲಿ ನಾನೇ ಸ್ವಂತ ಕೈಯಿಂದ..."

"ಆರು" ಎಂದರು ಮಾವ.

"ಇಲ್ಲಿ ಏಳು ಅಂತಿದೆ ಮಾವ. ಎಣಿಸಿದೀನಿ."

"ಅಲ್ಲಿ ಏಳಿರಬಹುದು ಮಗಳೇ. ಅದರಲ್ಲಿ ಕಾರ್ಖಾನೆಯಲ್ಲಿ ಆಗಿದ್ದು ಆರೇ."

ನಾನು ಕಾಗದ ಮಡಚಿ ಇಟ್ಟೆ. ಮಾವ ಶೆಡ್ಡಿನ ಕಡೆ ಒಮ್ಮೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹೇಳಿದರು.

ಕಾರ್ಖಾನೆ ಮುಚ್ಚಿದ ಎರಡನೆಯ ವರ್ಷ ಗುಜರಿಯವನೊಬ್ಬ ಒಂಟಿಬಾಗಿಲಿನ ಚೂರುಪಾರುಗಳನ್ನು ತಂದು ಶೆಡ್ಡಿನ ಮುಂದೆ ಸುರಿದ. ಬೆಂಕಿಗೆ ಸಿಕ್ಕಿದ ಒಂದರ ಮೂತಿ, ಹೊಳೆಗೆ ಬಿದ್ದಿದ್ದ ಮೂವತ್ತೇಳನೆಯ ನಂಬರಿನದರ ಹಿಂಭಾಗ. ಆಗ ಅತ್ತೆ ಇದ್ದರು. ನಾನು ಅವರನ್ನು ನೋಡಿಲ್ಲ. ಅವರು ತಗಡಿನ ಆ ತುದಿ ಹಿಡಿದರೆ ಮಾವ ಈ ತುದಿ. ಎಂಟು ತಿಂಗಳಲ್ಲಿ ಒಂದು ಗಾಡಿ ಎದ್ದು ನಿಂತಿತು. ಬಾಗಿಲು ಮಾತ್ರ ಗುಜರಿಯಲ್ಲಿ ಸಿಗಲಿಲ್ಲ, ಅದನ್ನು ಹೊಸ ತಗಡಿನಲ್ಲಿ ಬಡಿದು ಮಾಡಿದರು. ಕೂರಿಸಿದರು. 'ಧಪ್' ಅಂದಿತು. ಕೈ ತನ್ನ ಪಾಡಿಗೆ ಹೊಸ ಪಂಚು ಎತ್ತಿಕೊಂಡು ಮೂರು ಚುಕ್ಕಿ ಕುಟ್ಟಿತು. ಆಮೇಲೆ ಅತ್ತೆಗೆ ಕಾಯಿಲೆಯಾದಾಗ ಗಾಡಿ ಕೈಬಿಟ್ಟು ಹೋಯಿತು. ಯಾರ ಯಾರದೋ ಕೈ ದಾಟಿ, ಏಳು ವರ್ಷದ ಹಿಂದೆ, ಒಬ್ಬ ನಿವೃತ್ತ ಲೈನ್‌ಮನ್ ಅದನ್ನು ಓಡಿಸಿಕೊಂಡು ಇದೇ ಶೆಡ್ಡಿಗೆ ಬಂದರು.

"ನೋಡಿದ ಕೂಡಲೇ ಗೊತ್ತಾಯ್ತು. ನನ್ನ ಬೆಸುಗೆ ನನಗೆ ಗೊತ್ತಾಗಲ್ವಾ? ಡಾಕ್ಟರು ಕೀಲಿನ ಅಡಿಗೆ ಟಾರ್ಚ್ ಬಿಟ್ಟು, ಚುಕ್ಕಿ ಇದೆ ಚುಕ್ಕಿ ಇದೆ ಅಂತ ಕೂಗಿದ್ರು. ಲೈನ್‌ಮನ್ ಕಣ್ಣಲ್ಲಿ ನೀರು. ಏನಂತೀರಿ ಮೇಸ್ತ್ರಿಗಳೇ ಅಂದ್ರು. ಚುಕ್ಕಿ ನಂದೇ ಅಂದೆ."

"ಅದು ಸುಳ್ಳಲ್ಲವಲ್ಲ."

"ಸುಳ್ಳಲ್ಲ. ಅದಕ್ಕೇ ಇಷ್ಟು ವರ್ಷ ನಡೀತು."

"ಆಮೇಲಾದರೂ ಹೇಳಬಹುದಿತ್ತು."

"ಪ್ರತಿ ಭಾನುವಾರ ಹೇಳಬೇಕು ಅಂತಲೇ ಕೂರ್ತಿದ್ದೆ. ಲೈನ್‌ಮನ್ ಬಂದು ಮೊದಲು ನನ್ನ ಕಾಲು ಮುಟ್ಟೋದು, ಆಮೇಲೆ ಗಾಡಿ ಬಾಗಿಲು ಮುಟ್ಟೋದು. ಹೇಗೆ ಹೇಳಲಿ?"

ಬಿಸಿತುಪ್ಪ ಗಂಟಲಲ್ಲಿ ಇಟ್ಟುಕೊಂಡು ಏಳು ವರ್ಷ ಕೂತಿದ್ದಾರೆ ಈ ಮನುಷ್ಯ, ನುಂಗಲೂ ಆಗದೆ ಉಗುಳಲೂ ಆಗದೆ. ಸಹಿ ಮಾಡಿದರೆ ಸುಳ್ಳು ಅಚ್ಚಾಗುತ್ತದೆ. ಮಾಡದಿದ್ದರೆ ಯಾಕೆಂದು ಹೇಳಬೇಕಾಗುತ್ತದೆ. ಕೂಟಕ್ಕೆ ಒಂಬತ್ತು ದಿನ ಇತ್ತು. ನನ್ನ ಗಂಡನಿಗೂ ಹೇಳಬೇಡ ಎಂದರು. ಹಾಗಾಗಿ ಮನೆಯಲ್ಲಿ ತುಟಿ ಬಿಗಿದುಕೊಂಡವರು ಇಬ್ಬರಾದೆವು. ಆ ಒಂಬತ್ತು ದಿನ ಮಾವ ಸರಿಯಾಗಿ ಊಟ ಮಾಡಲಿಲ್ಲ. ಟೈಪ್ ಮಾಡಿದ ಕಾಗದವನ್ನು ದಿನಕ್ಕೊಮ್ಮೆ ಎತ್ತಿ, ಎಲ್ಲಿತ್ತೋ ಅಲ್ಲೇ ಇಡುತ್ತಿದ್ದರು. ನಾನೂ ಮಗುವಿಗೆ ಹಾಲು ಕೊಡುವಾಗ ಬೇರೇನನ್ನೂ ಯೋಚಿಸಲಾಗದೆ ಅದೇ ಆರು, ಏಳು, ಆರು, ಏಳು.

ಕೂಟ ನಡೆದದ್ದು ಮುಚ್ಚಿಹೋದ ಒಂದು ಗಿರಣಿಯ ಅಂಗಳದಲ್ಲಿ. ಮಾವನ ಜೊತೆ ನಾನೂ ಹೋದೆ, ಒಬ್ಬರನ್ನೇ ಕಳಿಸಲು ಮನಸ್ಸು ಬರಲಿಲ್ಲ. ಬಣ್ಣಬಣ್ಣದ ಹಳೆಯ ಗಾಡಿಗಳು ಸಾಲಾಗಿ ನಿಂತಿದ್ದವು. ಮೂರು ಚಕ್ರದ್ದು, ಮುಂದಿನಿಂದ ತೆರೆಯುವಂಥದ್ದು, ಹಡಗಿನಷ್ಟು ಉದ್ದದ್ದು. ಒಬ್ಬರು ತಮ್ಮ ಗಾಡಿಯ ಮುಂದೆ ಕುರ್ಚಿ ಹಾಕಿಕೊಂಡು, ಬಂದವರಿಗೆಲ್ಲ "ಮುಟ್ಟಬೇಡಿ, ಉಸಿರು ಬಿಡಬಹುದು" ಅನ್ನುತ್ತಿದ್ದರು. ಒಂಟಿಬಾಗಿಲುಗಳು ಏಳೂ ಒಂದು ಕಡೆ. ಏಳರಲ್ಲಿ ಲೈನ್‌ಮನ್‌ರದೇ ಹೆಚ್ಚು ಹೊಳೆಯುತ್ತಿತ್ತು. ಹಿಂಭಾಗದಲ್ಲಿ ಮೂವತ್ತೇಳು ಎಂಬ ಹಿತ್ತಾಳೆಯ ಬಿಲ್ಲೆ.

ಹನ್ನೊಂದು ಗಂಟೆಯ ಬಿಸಿಲು. ಮಗು ಹಸಿವಿಗೆ ಕಿರುಚತೊಡಗಿತು. ನೆರಳೆಂಬುದು ಎಲ್ಲೂ ಇಲ್ಲ, ಕಂಡಲ್ಲೆಲ್ಲ ಗಂಡಸರು. ಲೈನ್‌ಮನ್‌ರೇ ನೋಡಿ, "ನನ್ನ ಗಾಡಿಯಲ್ಲಿ ಕೂತ್ಕೊಂಡು ಹಾಲು ಕೊಡಿ ತಾಯಿ. ಟವೆಲ್ಲು ಇದೆ, ಗಾಜಿಗೆ ಕಟ್ಟಿಕೊಳ್ಳಿ" ಎಂದರು. ಹತ್ತಿ ಕೂತೆ. ಬಾಗಿಲು ಎಳೆದುಕೊಂಡರೆ ಸರಿಯಾಗಿ ಕೂರಲಿಲ್ಲ. ಮಧ್ಯದಲ್ಲಿ ತೆರೆದುಕೊಂಡರೆ ಮಾನ ಹೋಗುತ್ತದೆಂದು ಬಲವಾಗಿ ಇನ್ನೊಮ್ಮೆ ಎಳೆದೆ.

ಮಗು ಕುಡಿದು ಮುಗಿಸಿತು. ಟವೆಲ್ಲು ಬಿಚ್ಚಿ, ಹ್ಯಾಂಡಲ್ ತಿರುಗಿಸಿದೆ. ಅದು ನೀರಿಲ್ಲದ ನಲ್ಲಿಯಂತೆ ಸುಮ್ಮನೆ ತಿರುಗಿತು. ತಳ್ಳಿದೆ, ಭುಜ ಕೊಟ್ಟೆ. ಆ ಗಾಡಿಯ ಗಾಜು ಸರಿಯುವುದು ನಾಲ್ಕು ಬೆರಳಷ್ಟು ಮಾತ್ರ. ಆ ಸಂದಿಗೆ ಬಾಯಿಟ್ಟು, "ಬಾಗಿಲು ತೆಗೆಯೋಕೆ ಆಗ್ತಿಲ್ಲ" ಎಂದು ಕೂಗಿದೆ.

ಜನ ಸೇರಿದರು. ಯಾರೂ ಗಾಬರಿಯಾಗಲಿಲ್ಲ, ಬದಲಿಗೆ ಖುಷಿಪಟ್ಟರು ಎಂದೇ ಹೇಳಬೇಕು. ಒಂಟಿಬಾಗಿಲು ಸಿಕ್ಕಿಹಾಕಿಕೊಳ್ಳುವುದು ಅವರ ಬಳಗದಲ್ಲಿ ಹೆಸರಾದ ಕಾಯಿಲೆ. ಅದಕ್ಕೆ ಮದ್ದೂ ಎಲ್ಲರಿಗೂ ಗೊತ್ತು.

"ಕೆಳಮೂಲೆಗೆ ಒಂದು ಗುದ್ದು ಕೊಡಿ, ಬಿಟ್ಟುಕೊಳ್ಳುತ್ತೆ!"

"ಗುದ್ದು ಅಂದರೆ ಹಾಗಲ್ಲ ಸ್ವಾಮಿ, ಅಂಗೈ ಬುಡದಿಂದ. ಸರಿಯಿರಿ, ನಾನು ತೋರಿಸ್ತೀನಿ."

ಒಬ್ಬರಾದಮೇಲೆ ಒಬ್ಬರು ಗುದ್ದಿದರು. ಒಳಗೆ ಕೂತ ನನಗೆ ತಗಡಿನ ಡ್ರಮ್ಮಿನಲ್ಲಿ ಕೂತಂತೆ. ಪ್ರತಿ ಗುದ್ದಿಗೂ ಬಾಗಿಲೊಳಗೆ ಏನೋ ಒಂದು ಕೂದಲೆಳೆಯಷ್ಟು ಆಚೆ ಸರಿದು ಇನ್ನೂ ಗಟ್ಟಿಯಾಗಿ ಕೂರುತ್ತಿದ್ದುದು ನನ್ನ ಮೊಣಕಾಲಿಗೆ ತಿಳಿಯುತ್ತಿತ್ತು. ಮಗು ಬೆಚ್ಚಿ ಅಳತೊಡಗಿತು. ಅದರ ತಲೆಗೂದಲು ಬೆವರಿಗೆ ಅಂಟಿಕೊಂಡಿತು. ನಾನು ಸೆರಗಿನಿಂದ ಗಾಳಿ ಹಾಕಿದೆ, ಬಾಟಲಿಯ ನೀರಿನಲ್ಲಿ ಬೆರಳದ್ದಿ ಅದರ ಹಣೆ ಒದ್ದೆ ಮಾಡಿದೆ. ಸೀಟು ಸುಡುತ್ತಿತ್ತು.

"ಗಾಜು ಒಡೆಯಿರಿ" ಎಂದರು ಯಾರೋ.

"ಅಯ್ಯೋ, ಬೇಡ ಬೇಡ!" ಡಾಕ್ಟರ ದನಿ. "ಈ ಬಾಗಿದ ಗಾಜು ಪ್ರಪಂಚದಲ್ಲಿ ಏಳೇ ಇರೋದು. ಒಂದು ನಿಮಿಷ ತಡೀರಿ, ಇನ್ನೊಂದು ಸಲ ಗುದ್ದಿ ನೋಡೋಣ."

ಆಗ ನಾನು ಜನರ ಹಿಂದೆ ಮಾವನನ್ನು ಕಂಡೆ. ಅವರು ಬಾಗಿಲನ್ನು ನೋಡುತ್ತಿರಲಿಲ್ಲ. ನನ್ನನ್ನೂ ನೋಡುತ್ತಿರಲಿಲ್ಲ. ಎರಡೂ ಕೈ ಹಿಂದೆ ಕಟ್ಟಿಕೊಂಡು ನೆಲ ನೋಡುತ್ತ ನಿಂತಿದ್ದರು. ಈ ಬಾಗಿಲು ಹೇಗೆ ತೆರೆಯುತ್ತದೆಂದು ಅವರಿಗೆ ಗೊತ್ತಿದೆ. ಬೇರೆ ಯಾರಿಗೂ ಗೊತ್ತಿರಲು ಸಾಧ್ಯವಿಲ್ಲ. ಹೇಳಿದರೆ ಉಳಿದದ್ದನ್ನೆಲ್ಲ ಹೇಳಿದಂತೆ.

ಹೆದರಿಕೆಯಾದಾಗ ಎಣಿಸುವುದು ನನ್ನ ಅಭ್ಯಾಸ. ಹೆರಿಗೆ ನೋವಿನಲ್ಲೂ ಎಣಿಸಿದ್ದೆ. ಅಲ್ಲೂ ಎಣಿಸತೊಡಗಿದೆ. ಹತ್ತರ ಹೊತ್ತಿಗೆ ಲೈನ್‌ಮನ್ ಓಡಿ ಹೋದರು. ಹದಿನೆಂಟಕ್ಕೆ ಚಕ್ರದ ಪಾನಾ ಹಿಡಿದು ಓಡಿ ಬಂದರು. "ಹಾಳಾಗಿ ಹೋಗಲಿ ಗಾಜು, ಕೂಸು ಬೇಯ್ತಾ ಇದೆ. ತಾಯಿ, ಮಗು ಮುಖ ಮುಚ್ಚಿಕೊಳ್ಳಿ" ಎಂದರು. ಇಪ್ಪತ್ತೆರಡು. ಪಾನಾ ಮೇಲಕ್ಕೆತ್ತಿದರು. ನಾನು ಮಗುವನ್ನು ಎದೆಗೆ ಒತ್ತಿಕೊಂಡು ಬೆನ್ನು ತಿರುಗಿಸಿದೆ. ಇಪ್ಪತ್ತಾರು.

"ತಡೀರಿ" ಎಂದಿತು ಮಾವನ ದನಿ. "ಒಡೀಬೇಡಿ. ಗಾಜು ಅವಳ ಮೇಲೆ ಬೀಳುತ್ತೆ."

ಜನ ಸರಿದು ದಾರಿ ಬಿಟ್ಟರು. ಮಾವ ಬಂದು ಆ ನಾಲ್ಕು ಬೆರಳ ಸಂದಿಗೆ ಬಾಯಿಟ್ಟರು.

"ಮಗಳೇ, ಬಾಗಿಲ ಒಳಗಿನ ರಟ್ಟು ಇದೆಯಲ್ಲ, ಅದರ ಕೆಳಗಿನ ತುದಿ ಹಿಡಿದು ಕೀಳು. ಹರಿದರೆ ಹರೀಲಿ."

ಕಿತ್ತೆ.

"ಎರಡು ಬೆರಳು ಹೋಗೋ ಅಷ್ಟು ತೂತು ಇರುತ್ತೆ ನೋಡು."

ಹಿಂದಿನಿಂದ ಡಾಕ್ಟರು, "ಅಲ್ಲಿ ತೂತಿಲ್ಲ ಮೇಸ್ತ್ರಿಗಳೇ, ನನ್ನ ಹತ್ತಿರ ನಕ್ಷೆ ಇದೆ" ಎಂದರು.

"ಕಾರ್ಖಾನೆ ಗಾಡಿಯಲ್ಲಿ ಇಲ್ಲ. ಇದರಲ್ಲಿ ಇದೆ. ನಾನೇ ಕೊರೆದಿದ್ದು." ಮಾವ ತಿರುಗಿ ನೋಡಲಿಲ್ಲ. "ಇದರೊಳಗೆ ಇರೋದು ವ್ಯಾನಿನ ಲಾಕು. ತಲೆಕೆಳಗೆ ಹಾಕಿದೀನಿ. ಗುದ್ದಿದಷ್ಟೂ ಬಿಗಿಯಾಗುತ್ತೆ. ಬೆರಳು ಹಾಕು ಮಗಳೇ. ತಂತಿಯ ಕುಣಿಕೆ ಸಿಗ್ತಾ? ನಿನ್ನ ಕಡೆಗೆ ಎಳಿ. ಭಯ ಬೀಳಬೇಡ, ಜೋರಾಗಿ."

ತಂತಿ ಬೆರಳನ್ನು ಕೊಯ್ದಿತು. ಒಳಗೆ ಏನೋ ಕಳಚಿ ಬಿದ್ದ ಸದ್ದಾಯಿತು, ಬಾಗಿಲು ತಾನಾಗಿ ಒಂದು ಗೇಣು ತೆರೆದುಕೊಂಡಿತು. ಲೈನ್‌ಮನ್ ಮಗುವನ್ನು ಎತ್ತಿಕೊಂಡರು. ಪಾನಾ ಇನ್ನೂ ಅವರ ಇನ್ನೊಂದು ಕೈಯಲ್ಲಿತ್ತು.

ಯಾರೋ ನನಗೆ ಕುರ್ಚಿ ತಂದರು, ಯಾರೋ ನೀರು. ಆಮೇಲೆ ಗದ್ದಲ ನಿಂತಿತು. ಎಲ್ಲರೂ ಮಾವನ ಮುಖ ನೋಡಿದರು. ಡಾಕ್ಟರು ಮೆತ್ತಗೆ, ಹಲ್ಲು ಕೀಳುವ ಮುಂಚೆ ರೋಗಿಯ ಹತ್ತಿರ ಮಾತಾಡುವ ಹಾಗೆ, ಕೇಳಿದರು:

"ಮೇಸ್ತ್ರಿಗಳೇ, ಇದು ಮೂವತ್ತೇಳು ಅಲ್ವಾ?"

"ಅಲ್ಲ. ಬಿಲ್ಲೆ, ಹಿಂಭಾಗ ಮಾತ್ರ ಮೂವತ್ತೇಳರದ್ದು. ಗಾಡಿ ನಾನು ಶೆಡ್ಡಿನಲ್ಲಿ ಕಟ್ಟಿದ್ದು, ಕಾರ್ಖಾನೆ ಮುಚ್ಚಿದ ಮೇಲೆ."

"ಮತ್ತೆ ಚುಕ್ಕಿ?"

"ನಾನು ಕೂರಿಸಿದ ಬಾಗಿಲಿಗೆಲ್ಲ ಹೊಡೀತಿದ್ದೆ."

"ಇನ್ನೆಷ್ಟು ಗಾಡಿ ಕಟ್ಟಿದೀರಿ ಹೀಗೆ?"

"ಇದೊಂದೇ."

"ಅದನ್ನ ನಾವು ಹೇಗೆ ನಂಬೋದು?"

ನನಗೆ ಆಗಲೇ ಹೊಳೆದದ್ದು, ಈ ಮಾತು ಒಂದು ಗಾಡಿಗೆ ನಿಲ್ಲುವುದಿಲ್ಲ ಎಂದು. ಉಳಿದ ಆರಕ್ಕೂ ಸಾಕ್ಷಿ ಎಂದರೆ ಅದೇ ಮೂರು ಚುಕ್ಕಿ, ಅದೇ ಬಾಯಿಮಾತು. ಉಳಿದ ಒಂಟಿಬಾಗಿಲಿನ ಮಾಲೀಕರು ಒಬ್ಬೊಬ್ಬರೇ ತಮ್ಮ ಗಾಡಿಯ ಹತ್ತಿರ ಹೋಗಿ ಕೀಲಿನ ಅಡಿಗೆ ಬಗ್ಗಿ ನೋಡತೊಡಗಿದರು. ಕಾರ್ಖಾನೆಯಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರಿಸಿದ ಆ ಆರು ಬಾಗಿಲೂ ಒಂದೇ ಮಾತಿಗೆ ಅನುಮಾನದ ಬಾಗಿಲಾದವು. ಸಹಿಗೆಂದು ಇಟ್ಟಿದ್ದ ಟೈಪ್ ಮಾಡಿದ ಕಾಗದ ಕೂಟದ ಮೇಜಿನ ಮೇಲೆ ಕಲ್ಲಿನ ಅಡಿಯಲ್ಲೇ ಉಳಿಯಿತು. ಲೈನ್‌ಮನ್ ಹರಿದ ರಟ್ಟನ್ನು ಹಿಂದಿನ ಸೀಟಿಗೆ ಹಾಕಿ, ಗಾಡಿ ಓಡಿಸಿಕೊಂಡು ಹೋದರು.

ಮುಂದಿನ ಭಾನುವಾರ ಯಾರೂ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಬಟ್ಟೆ ಒಣಹಾಕಲು ನಾನು ಖಾಲಿ ಶೆಡ್ಡು ದಾಟಿ ಹೋದೆ, ದಾಟಿ ಬಂದೆ. ಇಷ್ಟು ದಿನ ಬಯಸಿದ್ದು ಇದನ್ನೇ ಆದರೂ ಮಾವ ಸ್ಟೂಲಿನ ಮೇಲೆ ಕೂತಿದ್ದನ್ನು ನೋಡಿಕೊಂಡು ದಾಟುವುದು ಹನ್ನೊಂದು ಜನರನ್ನು ದಾಟುವುದಕ್ಕಿಂತ ಕಷ್ಟವಾಗಿತ್ತು. ಅವರು ಮಗುವನ್ನೂ ಎತ್ತಿಕೊಳ್ಳುತ್ತಿರಲಿಲ್ಲ. ನಾನು ಹತ್ತಿರ ಕರೆದುಕೊಂಡು ಹೋದರೆ, "ಕೈ ಗ್ರೀಸು" ಎನ್ನುತ್ತಿದ್ದರು. ಕೈ ಚೊಕ್ಕವಾಗಿಯೇ ಇರುತ್ತಿತ್ತು.

ಮೂರನೆಯ ಭಾನುವಾರ ಲೈನ್‌ಮನ್ ಬಂದರು. ಗಾಡಿ ರಸ್ತೆಯಾಚೆ ನಿಲ್ಲಿಸಿದ್ದರು. ಒಳಗೆ ಬರಲಿಲ್ಲ, ಕಾಲು ಮುಟ್ಟಲಿಲ್ಲ.

"ಏಳು ವರ್ಷ" ಎಂದರು. "ಏಳು ವರ್ಷ ನನ್ನನ್ನ ಆಟ ಆಡಿಸಿದಿರಿ. ಮೂವತ್ತೇಳು ಅಂತ ನಾನು ಅದಕ್ಕೆ ಹುಟ್ಟುಹಬ್ಬ ಮಾಡ್ತಿದ್ದೆ, ಹುಚ್ಚನ ಹಾಗೆ. ನನ್ನ ಹೆಂಡತಿ ನಗ್ತಿದ್ದಳು. ಈಗ ಅವಳೂ ನಗ್ತಿಲ್ಲ."

ಮಾವ ಎದ್ದು ನಿಂತರು.

"ಯಾವುದು ನಿಜದ್ದು ಅದರಲ್ಲಿ? ಅದನ್ನಾದರೂ ಹೇಳಿ."

ಮಾವ ಒಂದೊಂದಾಗಿ ಹೇಳಿದರು. ಮೂತಿ ಹತ್ತೊಂಬತ್ತನೆಯದರದ್ದು, ಬೆಂಕಿಗೆ ಸಿಕ್ಕಿದ್ದು. ಹಿಂಭಾಗ ಮೂವತ್ತೇಳರದ್ದು. ನೆಲ ನೀರಿನ ಡ್ರಮ್ಮಿನ ತಗಡು. ಗಾಜು ಕಾರ್ಖಾನೆಯದೇ, ಹುಲ್ಲಿನಲ್ಲಿ ಸುತ್ತಿಟ್ಟದ್ದು ಒಂದು ಉಳಿದಿತ್ತು.

"ಬಾಗಿಲು?"

"ಬಾಗಿಲು ಪೂರ್ತಿ ನಂದು. ಹನ್ನೊಂದು ದಿನ ಹಿಡೀತು. ಕಾರ್ಖಾನೆಯಲ್ಲಿ ಅಷ್ಟು ದಿನ ಯಾರೂ ಕೊಡ್ತಿರಲಿಲ್ಲ."

ಲೈನ್‌ಮನ್ ಗಾಡಿಯ ಕಡೆ ನೋಡಿದರು. ಆಮೇಲೆ, ಕೋಪ ಬಿಟ್ಟು, ಬೇಡುವ ದನಿಯಲ್ಲಿ, "ಅರವತ್ತಮೂರನೇದು ಅಂತ ಅನ್ನಬಹುದಾ ಹಾಗಾದರೆ?" ಎಂದರು.

ಹೂಂ ಅಂದುಬಿಡಿ ಮಾವ, ಎಂದು ನಾನು ಬಾಗಿಲಲ್ಲಿ ನಿಂತು ಮನಸ್ಸಿನಲ್ಲೇ ಬೇಡಿಕೊಂಡೆ.

"ಅನ್ನಬೇಡಿ" ಎಂದರು ಮಾವ. "ಕಾರ್ಖಾನೆ ಅರವತ್ತೆರಡಕ್ಕೆ ನಿಂತಿತು."

ಲೈನ್‌ಮನ್ ಜೇಬಿನಿಂದ ಹಿತ್ತಾಳೆಯ ಬಿಲ್ಲೆ ತೆಗೆದು ಕೆಲಸದ ಮೇಜಿನ ಮೇಲೆ ಇಟ್ಟರು. ರಿವೆಟ್ಟು ಕತ್ತರಿಸಿ ತಂದಿದ್ದರು. ಹೋದರು.

ಅವತ್ತು ಮಧ್ಯಾಹ್ನ ನಾನು ಕೇಳಲೇಬಾರದೆಂದುಕೊಂಡಿದ್ದನ್ನು ಕೇಳಿದೆ. ಮಗು ಮಲಗಿತ್ತು. ಗಂಡನೂ ನಿದ್ದೆಯಲ್ಲಿದ್ದರು.

"ಮಾವ, ನಾನು ಒಳಗಿದ್ದಾಗ ನೀವು ಸುಮ್ಮನೆ ನಿಂತಿದ್ರಿ. ಇಪ್ಪತ್ತಾರು ಎಣಿಸಿದೆ ನಾನು. ಏನು ಯೋಚಿಸ್ತಿದ್ರಿ?"

ಅವರು ಬಿಲ್ಲೆಯನ್ನು ಅತ್ತ ಇತ್ತ ತಿರುಗಿಸುತ್ತಿದ್ದರು. ನಿಲ್ಲಿಸಿದರು.

"ಒಡೀಲಿ ಅಂತ ಕಾಯ್ತಿದ್ದೆ" ಎಂದರು. "ಲೈನ್‌ಮನ್ ಓಡಿದ್ದು ನೋಡಿದೆ, ಪಾನಾ ತರ್ತಾನೆ ಅಂತ ಗೊತ್ತಾಯ್ತು. ಒಡೆದರೆ ನೀವಿಬ್ಬರೂ ಹೊರಗೆ ಬರ್ತೀರಿ, ನನ್ನ ಗುಟ್ಟೂ ಒಳಗೇ ಉಳಿಯುತ್ತೆ. ಅವನ ಗಾಜು ತಾನೇ ಅಂದುಕೊಂಡೆ. ನೀನು ಬೆನ್ನು ತಿರುಗಿಸಿದಾಗಲೇ ಗಾಜು ಎಲ್ಲಿ ಬೀಳುತ್ತೆ ಅಂತ ನೆನಪಾಗಿದ್ದು."

ಪರವಾಗಿಲ್ಲ ಬಿಡಿ ಎನ್ನಲು ಬಾಯಿ ಬರಲಿಲ್ಲ, ಏಕೆಂದರೆ ಅದು ಪರವಾಗಿಲ್ಲ ಅನ್ನುವಂಥದ್ದಾಗಿರಲಿಲ್ಲ. ಬೆರಳಿನ ಗಾಯ ಒಣಗಿ ಹಕ್ಕಳೆ ಕಟ್ಟಿತ್ತು, ಅದನ್ನೇ ಉಜ್ಜುತ್ತ ಕೂತೆ. ಸುಳ್ಳು ಹೇಳಬಹುದಿತ್ತು ಅವರು, ಕೈಕಾಲು ಆಡಲಿಲ್ಲ ಎಂದು. ನಾನು ನಂಬುತ್ತಿದ್ದೆ. ಅದನ್ನು ಅವರು ಹೇಳಲಿಲ್ಲ ಎಂಬುದನ್ನೂ ಇಲ್ಲಿ ಬರೆದಿಡುತ್ತೇನೆ.

ಆಮೇಲೆ ಅವರೇ, "ಒಂದು ಕಾಗದ ಬರೆದುಕೊಡ್ತೀಯಾ?" ಎಂದರು.

ಡಾಕ್ಟರಿಗೆ ಬರೆದೆವು. ಮೊದಲಿನ ಹೇಳಿಕೆಯ ಹಾಗೆ ಅಲ್ಲ. ಒಂದು ಗಾಡಿಯ ವಿಷಯದಲ್ಲಿ ನಾನು ಏಳು ವರ್ಷ ಬಾಯಿ ಮುಚ್ಚಿಕೊಂಡಿದ್ದೆ, ಹಾಗಾಗಿ ಉಳಿದ ಆರರ ಬಗ್ಗೆ ನನ್ನ ಮಾತನ್ನು ನೀವು ನಂಬಬೇಕಾಗಿಲ್ಲ, ಎಂದು ಶುರುಮಾಡಿದರು. ಕಾರ್ಖಾನೆಯ ಲಾಕಿಗೆ ಆರು ತಿರುಪು, ಶೆಡ್ಡಿನದಕ್ಕೆ ನಾಲ್ಕು. ಆರರ ರಟ್ಟನ್ನೂ ಬಿಚ್ಚಿಸಿ ನೋಡಿ. ನನ್ನನ್ನು ಕೇಳಬೇಡಿ, ತಿರುಪು ಎಣಿಸಿ. ಇಷ್ಟೇ. ಕೊನೆಯಲ್ಲಿ ನಾನಾಗಿಯೇ, ನಡೆದದ್ದಕ್ಕೆ ಎಲ್ಲರ ಕ್ಷಮೆ ಕೇಳುತ್ತೇನೆ, ಎಂದು ಸೇರಿಸಿ ಓದಿ ಹೇಳಿದೆ.

"ಅದನ್ನ ಹೊಡೆದುಹಾಕು" ಎಂದರು. "ಕ್ಷಮೆ ಎಲ್ಲರ ಹತ್ತಿರ ಕೇಳೋದಲ್ಲ. ಅವನೊಬ್ಬನ ಹತ್ತಿರ."

ಸಹಿ ಹಾಕಿ, ಚಪ್ಪಲಿ ಮೆಟ್ಟಿಕೊಂಡು ಹೊರಟರು. ಬಿಲ್ಲೆ ಮೇಜಿನ ಮೇಲೆಯೇ ಇತ್ತು. ಲೈನ್‌ಮನ್‌ರ ಮನೆಗೆ ಎರಡು ಬಸ್ಸು ಬದಲಿಸಬೇಕು. ಜೊತೆಗೆ ಬರಲೇ ಎಂದರೆ ಬೇಡ ಎಂದರು. ಅವರು ವಾಪಸ್ಸು ಬಂದಾಗ ನಾನು ಮಗುವಿಗೆ ಸ್ನಾನ ಮಾಡಿಸುತ್ತಿದ್ದೆ. ಮುಖ ಸಣ್ಣಗಾಗಿತ್ತು.

"ಸಿಕ್ಕಿದ್ರಾ?"

"ಸಿಕ್ಕಿದ. ಒಳಗೆ ಬಾ ಅನ್ನಲಿಲ್ಲ. ಗೇಟಿನ ಹೊರಗೇ ನಿಂತು ಹೇಳಿದೆ."

"ಏನಂದ್ರು?"

"ಕೇಳಿಸಿಕೊಂಡು ಒಳಗೆ ಹೋದ."

"ಮತ್ತೆ?"

"ಮುಂದಿನ ಭಾನುವಾರ ಮತ್ತೆ ಹೋಗ್ತೀನಿ" ಎಂದರು ಮಾವ. ಆಮೇಲೆ ಹಗ್ಗದ ಮೇಲಿದ್ದ ಒಣ ಟವೆಲ್ಲನ್ನು ಎರಡೂ ಕೈಯಲ್ಲಿ ಅಗಲ ಮಾಡಿ ಹಿಡಿದು, ಬಗ್ಗಿ ನಿಂತರು. ನಾನು ಮಗುವನ್ನು ನೀರಿನಿಂದ ಎತ್ತಿ ಅದರೊಳಗೆ ಇಟ್ಟೆ.